ಕಚೇರಿಯ ಪ್ರಶ್ನೋತ್ತರ ಯಂತ್ರದ ಆರಂಭ: ಒಂದು ಐತಿಹಾಸಿಕ ವಿವೇಚನೆ

ಉದ್ಯೋಗಿಗಳು ಕೇಳುವ ಪ್ರಶ್ನೆಗಳಿಗೆ ಆಯಾ ಕಚೇರಿಯ ಕಾಗದಪತ್ರಗಳ ಆಧಾರದಿಂದಲೇ ಉತ್ತರ ಹೇಳುವ ಯಂತ್ರವೊಂದನ್ನು, ಎಂದರೆ ಇಂದು ಚಾಟ್‌ಬಾಟ್ ಎಂದು ಕರೆಯಲ್ಪಡುವುದನ್ನು, ನಿರ್ಮಿಸಬೇಕೆಂಬ ಹಂಬಲ ಈಗ ಅನೇಕ ಸಂಸ್ಥೆಗಳಲ್ಲಿ ಕಂಡುಬರುತ್ತಿದೆ. ಈ ಕಾರ್ಯವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಗಣಕವಿಜ್ಞಾನಿಗಳೇ ನಿರ್ಣಯಿಸತಕ್ಕದ್ದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಇಂತಹ ಯಂತ್ರಗಳಿಗೆ ಆರು ದಶಕಗಳಿಗೆ ಮೀರಿದ ಇತಿಹಾಸವುಂಟು. ಅದನ್ನು ಪರಿಶೀಲಿಸಿದಲ್ಲಿ, ಈ ಕಾರ್ಯದ ಮೊದಲ ಮೆಟ್ಟಿಲು ದಾಖಲೆಗಳ ಪರೀಕ್ಷೆಯೇ ಎಂಬುದು ವ್ಯಕ್ತವಾಗುತ್ತದೆ. ಆ ಪರೀಕ್ಷೆ ಇತಿಹಾಸಕಾರನ ವೃತ್ತಿಗೆ ಸೇರಿದ್ದಾದುದರಿಂದ ಈ ವಿಷಯವನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಅಮೆರಿಕದ ಲಿಂಕನ್ ಪ್ರಯೋಗಾಲಯದಲ್ಲಿ ಗ್ರೀನ್, ವುಲ್ಫ್, ಚಾಮ್‌ಸ್ಕಿ, ಲಾಫೆರಿ ಎಂಬವರು ರಚಿಸಿ 1961ರಲ್ಲಿ ಪ್ರಕಟಿಸಿದ ‘ಬೇಸ್‌ಬಾಲ್’ ಎಂಬ ಕ್ರಮವಿಧಿಯು ಒಂದು ಋತುವಿನ ಪಂದ್ಯಗಳ ದಿನ, ಸ್ಥಳ, ಅಂಕಗಳನ್ನು ಕುರಿತ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿತ್ತು. ಪ್ರಶ್ನೆ ಒಂದೇ ವಾಕ್ಯಾಂಶದಲ್ಲಿರಬೇಕು. ‘ಮತ್ತು’, ‘ಅಥವಾ’ ಎಂಬ ಸಂಬಂಧಗಳು ಕೂಡದು. ಇದರ ಮಿತಿಗಳು ಹಲವು. ಆದರೂ ಅದು ತನ್ನ ಪಟ್ಟಿಯನ್ನು ಬಿಟ್ಟು ಮಾತನಾಡುತ್ತಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅವರು ಪ್ರಕಟಿಸಿದ ‘ಎಲೈಜಾ’ಕ್ಕೆ ಯಾವ ಪಟ್ಟಿಯೂ ಇರಲಿಲ್ಲ. ಕೇಳಿದವನ ಮಾತನ್ನೇ ಅದು ತಿರುವಿ ಪ್ರಶ್ನೆಯಾಗಿ ಒಪ್ಪಿಸುತ್ತಿತ್ತು. ಜನಕ್ಕೆ ಎಲೈಜಾ ಹೆಚ್ಚು ಪ್ರಿಯವಾಯಿತೆಂಬುದರಲ್ಲಿ ಆಶ್ಚರ್ಯವಿಲ್ಲ. ಸಂಭಾಷಣೆಯ ಸೊಗಸು, ಉತ್ತರದ ಆಧಾರ ಎಂಬ ಎರಡು ಬೇರೆ ಬೇರೆ ಗುಣಗಳನ್ನು ಒಂದೆಂದು ತಿಳಿಯುವ ಭ್ರಮೆ ಅಂದಿನಿಂದಲೇ ಮೊದಲಾಯಿತೆನ್ನಬಹುದು.

ನಮ್ಮ ಉದ್ದೇಶಕ್ಕೆ ಅತ್ಯಂತ ಉಪಯುಕ್ತವಾದ ನಿದರ್ಶನ ‘ಲೂನಾರ್’. 1969ರ ಜುಲೈನಲ್ಲಿ ಅಪೊಲೊ 11 ನೌಕೆ ಚಂದ್ರನಿಂದ ತಂದ ಶಿಲೆಗಳನ್ನು ಭೂವಿಜ್ಞಾನಿಗಳು ಪರೀಕ್ಷಿಸಿ ವರದಿಗಳನ್ನು ಪ್ರಕಟಿಸಿದರು. ಆ ವರದಿಗಳಲ್ಲಿದ್ದ ರಾಸಾಯನಿಕ ವಿಶ್ಲೇಷಣೆಗಳನ್ನು ಸುಮಾರು 13,000 ನಮೂದುಗಳ ಕೋಷ್ಟಕವಾಗಿ ಜೋಡಿಸಿ, ವಿಜ್ಞಾನಿಗಳು ತಮ್ಮ ಸಹಜವಾದ ಇಂಗ್ಲಿಷಿನಲ್ಲಿಯೇ ಪ್ರಶ್ನೆ ಕೇಳುವಂತೆ ವಿಲಿಯಂ ವುಡ್ಸ್ ಮತ್ತು ಅವರ ಸಹೋದ್ಯೋಗಿಗಳು ಏರ್ಪಡಿಸಿದರು. ಯಂತ್ರದ ಶಬ್ದಕೋಶದಲ್ಲಿ ಸುಮಾರು 3,500 ಪದಗಳಿದ್ದುವು. 1971ರ ಜನವರಿಯಲ್ಲಿ ಹ್ಯೂಸ್ಟನ್ನಿನಲ್ಲಿ ನಡೆದ ಚಾಂದ್ರವಿಜ್ಞಾನ ಸಮ್ಮೇಳನದಲ್ಲಿ, ಯಂತ್ರದ ಒಳಗುಟ್ಟನ್ನರಿಯದ ಭೂವಿಜ್ಞಾನಿಗಳೇ ಅದರ ಮುಂದೆ ಕುಳಿತು 111 ಪ್ರಶ್ನೆಗಳನ್ನು ಹಾಕಿದರು. ನೂರಕ್ಕೆ 78ಕ್ಕೆ ಸಮರ್ಪಕವಾದ ಉತ್ತರ ದೊರೆಯಿತು. ಉಳಿದುವುಗಳ ವಿಂಗಡಣೆ ಗಮನಾರ್ಹವಾಗಿದೆ. ಭಾಷೆಯನ್ನು ವಿಶ್ಲೇಷಿಸಲಾರದೆ ಯಂತ್ರ ಸೋತದ್ದು ನೂರಕ್ಕೆ 10ರಲ್ಲಿ ಮಾತ್ರ. 12ರಲ್ಲಿ ಸೋತದ್ದು ಶಬ್ದಕೋಶದ ನಮೂದಿನಲ್ಲಿ ನುಸುಳಿದ ಬರೆವಣಿಗೆಯ ತಪ್ಪುಗಳಂತಹ ಕ್ಷುಲ್ಲಕ ಕಾರಣಗಳಿಂದ. ಪಂಡಿತರು ಕಷ್ಟವೆಂದು ಬಗೆದ ಭಾಗಕ್ಕಿಂತ ಗುಮಾಸ್ತೆಯ ಕೆಲಸವೆಂದು ಬಗೆದ ಭಾಗವೇ ಹೆಚ್ಚು ಕೆಡಿಸಿತೆಂದಾಯಿತು. ಶಾಸನಗಳ ಪಾಠವನ್ನು ಸಂಪಾದಿಸಿದವರಾರಿಗೂ ಇದು ಹೊಸ ಸಂಗತಿಯಲ್ಲ.

ಅನಂತರದ ಬೆಳೆವಣಿಗೆಯನ್ನು ಸಂಗ್ರಹವಾಗಿ ಸೂಚಿಸಿದರೆ ಸಾಕು. 2020ರ ಸುಮಾರಿನಿಂದ, ಪ್ರಶ್ನೆಗೆ ಸಂಬಂಧಿಸಿದ ದಾಖಲೆಯ ಭಾಗಗಳನ್ನು ಮೊದಲು ಹುಡುಕಿ ತೆಗೆದು, ಅವುಗಳ ಮೇಲೆ ಭಾಷಾಮಾದರಿಯಿಂದ ಉತ್ತರ ಬರೆಯಿಸುವ ವಿಧಾನ ಪ್ರಚಾರಕ್ಕೆ ಬಂದಿತು. ಇಂದಿನ ಕಚೇರಿಯ ಯಂತ್ರಗಳು ಬಹುಮಟ್ಟಿಗೆ ಈ ವಿಧಾನದವೇ. ಇವುಗಳಲ್ಲಿ ಎಲೈಜಾದ ಸೊಗಸೂ ಲೂನಾರಿನ ಆಧಾರವೂ ಕೂಡಿವೆಯೆಂದು ತೋರುತ್ತದೆ. ಆಧಾರ ಕುಸಿದಾಗಲೂ ಸೊಗಸು ಕುಂದುವುದಿಲ್ಲವೆಂಬುದೇ ಇಲ್ಲಿಯ ಅಪಾಯ. ಕೆನಡಾದ ವಿಮಾನಸಂಸ್ಥೆಯೊಂದರ ಚಾಟ್‌ಬಾಟ್, ಬಂಧುವಿಯೋಗದ ರಿಯಾಯಿತಿಯನ್ನು ಪ್ರಯಾಣಾನಂತರವೂ ಪಡೆಯಬಹುದೆಂದು ಗಿರಾಕಿಯೊಬ್ಬರಿಗೆ ತಿಳಿಸಿತು. ಅದೇ ಸಂಸ್ಥೆಯ ಪ್ರಕಟಿತ ನಿಯಮ ಇದಕ್ಕೆ ವಿರುದ್ಧವಾಗಿದ್ದಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಲಿಯು ತಪ್ಪಿಗೆ ಸಂಸ್ಥೆಯೇ ಹೊಣೆಯೆಂದು ತೀರ್ಪಿತ್ತಿತು.

ನಮ್ಮ ನಾಡಿನ ಕಚೇರಿಗಳಲ್ಲಿ ಈ ತೊಡಕಿಗೆ ಬೇರೊಂದು ರೂಪವೂ ಉಂಟು. 1958ರಲ್ಲಿ ಮೈಸೂರಿನ ಹೆಸರಿನಿಂದ ಜಾರಿಗೆ ಬಂದ ನಾಗರಿಕ ಸೇವಾ ನಿಯಮಗಳು, 1973ರಲ್ಲಿ ರಾಜ್ಯದ ಹೆಸರು ಬದಲಾದ ಬಳಿಕ ಕರ್ನಾಟಕದ ಹೆಸರಿನಿಂದ ನಡೆದುಬಂದು, ಹಲವು ಬಾರಿ ತಿದ್ದುಪಡಿಗೆ ಒಳಗಾಗಿವೆ. ರಜೆಯ ವಿಷಯಕ್ಕೆ ಕಡತದಲ್ಲಿ ಮೂರು ಸುತ್ತೋಲೆಗಳಿದ್ದರೆ ಮೂರನ್ನೂ ಯಂತ್ರ ಸಮಾನವೆಂದೇ ಎಣಿಸುತ್ತದೆ. ರದ್ದಾದುದು ಯಾವುದು, ಊರ್ಜಿತವಾದುದು ಯಾವುದು ಎಂಬುದನ್ನು ಮೊದಲೇ ಗುರುತಿಸಿಟ್ಟಿರಬೇಕು. ಇದಲ್ಲದೆ ಹಳೆಯ ಕಡತಗಳಲ್ಲಿ ಕೆಲವು ಬರಿಯ ಛಾಯಾಚಿತ್ರಗಳು. ಕೆಲವು ಯೂನಿಕೋಡ್‌ಗೆ ಹಿಂದಿನ ‘ನುಡಿ’, ‘ಬರಹ’ ಅಕ್ಷರಸಂಕೇತಗಳಲ್ಲಿರುವುವು. ಪರಿವರ್ತಿಸದ ಹೊರತು ಅವು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಷ್ಟೇ. ಪದಗಳ ವಿಷಯವೂ ಹೀಗೆಯೇ. ಸುತ್ತೋಲೆ ‘ಗಳಿಕೆ ರಜೆ’ ಎನ್ನುತ್ತದೆ, ಸಿಬ್ಬಂದಿ ‘ಇ.ಎಲ್.’ ಎನ್ನುತ್ತಾರೆ. ಇವೆರಡನ್ನೂ ಜೋಡಿಸುವ ಪದಪಟ್ಟಿಯನ್ನು ಹಲವು ವರ್ಷ ಆ ಶಾಖೆಯಲ್ಲಿ ದುಡಿದವರೇ ಚೆನ್ನಾಗಿ ಮಾಡಬಲ್ಲರು.

ಆದುದರಿಂದ ಯಂತ್ರವನ್ನು ಕೊಳ್ಳುವುದಕ್ಕೆ ಮುಂಚೆ ಒಂದು ಶಾಖೆಯನ್ನು ಮಾತ್ರ ಆರಿಸಿಕೊಂಡು, ಅಲ್ಲಿ ಒಂದೆರಡು ತಿಂಗಳು ನಿಜವಾಗಿ ಕೇಳಲ್ಪಟ್ಟ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಬರೆದಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಹ್ಯೂಸ್ಟನ್ನಿನ ಪರೀಕ್ಷೆಗೆ ಬೆಲೆ ಬಂದುದು ಪ್ರಶ್ನೆಗಳು ಯಂತ್ರ ಕಟ್ಟಿದವರವಲ್ಲದ್ದರಿಂದ. ಪ್ರತಿ ಪ್ರಶ್ನೆಯ ಎದುರಿಗೆ ಆಧಾರವಾದ ಆದೇಶದ ಸಂಖ್ಯೆಯನ್ನೂ ದಿನಾಂಕವನ್ನೂ ನಮೂದಿಸಬೇಕು. ಕೆಲವಕ್ಕೆ ಆಧಾರವೇ ಸಿಗದು. ಅಮೆರಿಕದ ಮಾನಕ ಸಂಸ್ಥೆ 1999ರಲ್ಲಿ ಆರಂಭಿಸಿದ ಪ್ರಶ್ನೋತ್ತರ ಸ್ಪರ್ಧೆಯಲ್ಲಿ, 2001ರಿಂದ, ಸಂಗ್ರಹದಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳನ್ನೂ ಬೆರೆಸಲಾಯಿತು. ‘ಉತ್ತರವಿಲ್ಲ’ ಎಂದ ಯಂತ್ರಕ್ಕೆ ಅಲ್ಲಿ ಅಂಕ ದೊರೆಯುತ್ತಿತ್ತು. ಕಚೇರಿಯ ಪಟ್ಟಿಯಲ್ಲಿಯೂ ಅಂತಹ ಪ್ರಶ್ನೆಗಳನ್ನು ಅಳಿಸದೆ ಉಳಿಸಿಕೊಂಡು, ಅವು ಬಂದಾಗ ಯಂತ್ರ ಯಾವ ಅಧಿಕಾರಿಯ ಬಳಿಗೆ ಕಳುಹಬೇಕೆಂಬುದನ್ನು ಅಲ್ಲಿಯೇ ಬರೆದಿಡತಕ್ಕದ್ದು.