ಕಡಲೆ ಹೊಲಕ್ಕೆ ಬಿದ್ದ ವಿಮಾನ, ಅದರ ವಿಮೆಯ ಕಥೆ

ಹೋದ ವರ್ಷ ಹಿಂಗಾರಿನಲ್ಲಿ ನಮ್ಮ ಪಕ್ಕದೂರಿನ ಕಡಲೆ ಹೊಲದಲ್ಲಿ ಒಂದು ಸಣ್ಣ ಜಗಳ ಆಯ್ತು. ಪತ್ರಿಕೆಗೆ ಕಳಿಸುವಷ್ಟು ದೊಡ್ಡ ಸುದ್ದಿ ಅಲ್ಲ, ನಾನೂ ಕಳಿಸಲಿಲ್ಲ. ಐಟಿಐ ಓದುವ ಹುಡುಗನೊಬ್ಬ ಥರ್ಮಾಕೋಲ್ ಹಾಳೆ ಕತ್ತರಿಸಿ, ಆನ್‌ಲೈನಲ್ಲಿ ಮೋಟಾರು, ಬ್ಯಾಟರಿ ತರಿಸಿ ವಿಮಾನ ಕಟ್ಟಿದ್ದ. ಒಂಬೈನೂರು ಗ್ರಾಂ ತೂಕ. ಶಾಲೆ ಮೈದಾನದಲ್ಲಿ ರಿಮೋಟ್ ಹಿಡಿದು ಹಾರಿಸುತ್ತಿದ್ದಾಗ ಗಾಳಿಗೆ ಸಿಕ್ಕಿ ಬೇಲಿ ದಾಟಿ ಹೊಲಕ್ಕೆ ಬಿತ್ತು.

ವಿಮಾನ ಬಿದ್ದಿದ್ದಕ್ಕೆ ಮುರಿದದ್ದು ನಾಲ್ಕೈದು ಗಿಡ. ಅದರ ಹಿಂದೆ ಓಡಿದ ಮೂವತ್ತು ಮಕ್ಕಳು ತುಳಿದದ್ದು ಹೂವು ಬಿಟ್ಟಿದ್ದ ಆರು ಸಾಲು. ಹೊಲದ ಯಜಮಾನರು ಕೇಳಿದರು, "ಇದನ್ನ ಯಾರ್ ಕಟ್ಟಿ ಕೊಡ್ತಾರ?" ಹುಡುಗ ಹೇಳಿದ, "ವಿಮಾನ ನಂದರೀ, ಆದ್ರ ಹುಡುಗರನ್ನ ನಾ ಕರದಿಲ್ಲ."

ಇದೇ ಪ್ರಶ್ನೆ 1822ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ಕೋರ್ಟಿಗೆ ಹೋಗಿತ್ತು ಅಂದರೆ ನಂಬುತ್ತೀರಾ? ವಿಮಾನ ಹುಟ್ಟುವುದಕ್ಕೆ ಎಂಬತ್ತು ವರ್ಷ ಮೊದಲು. ಗೀಯ್ ಎಂಬಾತ ಬಲೂನಿನಲ್ಲಿ ಮೇಲೇರಿದ. ಅದು ಸ್ವಾನ್ ಎಂಬುವವನ ತರಕಾರಿ ತೋಟಕ್ಕೆ ಇಳಿದು, ಆಲೂಗಡ್ಡೆ ಮೂಲಂಗಿ ಸಾಲುಗಳ ಮೇಲೆ ಎಳೆದುಕೊಂಡು ಹೋಯಿತು. ಬುಟ್ಟಿಯಿಂದ ಅರ್ಧ ಹೊರಗೆ ಜೋತಾಡುತ್ತಿದ್ದ ಗೀಯ್ ಸಹಾಯಕ್ಕೆ ಕೂಗಿದ. ಇನ್ನೂರಕ್ಕೂ ಹೆಚ್ಚು ಜನ ಬೇಲಿ ಮುರಿದು ನುಗ್ಗಿದರು. ಬಲೂನಿನಿಂದ ಆದ ನಷ್ಟ ಸುಮಾರು 15 ಡಾಲರ್. ಜನರನ್ನೂ ಸೇರಿಸಿ ಜ್ಯೂರಿ ಕೊಡಿಸಿದ್ದು 90 ಡಾಲರ್.

ಗೀಯ್‌ನ ವಾದವೂ ನಮ್ಮ ಹುಡುಗನದೇ: ನನ್ನ ಬಲೂನಿನ ನಷ್ಟ ಕೊಡುತ್ತೇನೆ, ಜನರದ್ದು ನನಗೆ ಸಂಬಂಧವಿಲ್ಲ. ಕೋರ್ಟ್ ಒಪ್ಪಲಿಲ್ಲ. ಬಲೂನು ಹಾರಿಸುವುದು ತಪ್ಪಲ್ಲ, ಆದರೆ ಎಲ್ಲಿ ಇಳಿಯುತ್ತದೆ ಎಂಬುದು ನಿನ್ನ ಕೈಯಲ್ಲಿಲ್ಲ, ಇಳಿದ ಕಡೆ ಜನ ಸೇರುತ್ತಾರೆ ಎಂಬುದು ನಿನಗೆ ಗೊತ್ತಿರಬೇಕು, ಆದ್ದರಿಂದ ಪೂರ್ತಿ ನಷ್ಟ ನಿನ್ನದೇ ಎಂಬುದು ತೀರ್ಪಿನ ಸಾರ. ಕಾನೂನು ವಿದ್ಯಾರ್ಥಿಗಳು ಈ ಕೇಸನ್ನು ಇವತ್ತಿಗೂ ಓದುತ್ತಾರೆ.

ಮುಂದೆ ನಿಜವಾದ ವಿಮಾನಗಳು ಬಂದವು. 1920ರಲ್ಲಿ ಬ್ರಿಟನ್ನಿನ ಕಾಯ್ದೆಯೊಂದು ಒಂದು ಕೊಟ್ಟು ಒಂದು ತೆಗೆದುಕೊಂಡಿತು. ಸಾಕಷ್ಟು ಎತ್ತರದಲ್ಲಿ ನಿಯಮ ಪಾಲಿಸಿ ಹಾರುವ ವಿಮಾನದ ಮೇಲೆ ನೆಲದ ಮಾಲೀಕ 'ನನ್ನ ಜಾಗಕ್ಕೆ ನುಗ್ಗಿದ' ಎಂದು ದಾವೆ ಹಾಕುವಂತಿಲ್ಲ. ಆದರೆ ಮೇಲಿಂದ ಏನಾದರೂ ಬಿದ್ದು ನಷ್ಟವಾದರೆ, ಪೈಲಟ್ ತಪ್ಪು ಮಾಡಿದ್ದ ಎಂದು ಸಾಬೀತು ಮಾಡುವ ಗೋಜೇ ಇಲ್ಲದೆ ವಿಮಾನದವರು ಕಟ್ಟಿಕೊಡಬೇಕು. ಕೆಳಗಿರುವವನಿಗೆ ಇದಕ್ಕಿಂತ ನ್ಯಾಯದ ಮಾತು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಹವ್ಯಾಸದವರ ಕಥೆ. ಬ್ರಿಟನ್ನಿನಲ್ಲಿ ಮಾದರಿ ವಿಮಾನ ಕಟ್ಟುವವರ ಸಂಘ 1922ರಲ್ಲಿ ಆಯಿತು, ಅಮೆರಿಕದಲ್ಲಿ 'ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್' 1936ರಲ್ಲಿ. ಆ ಕಾಲದ ಮಾದರಿಗಳು ರಬ್ಬರ್ ಬ್ಯಾಂಡ್ ತಿರುಚಿ ಬಿಡುವಂಥವು. 1930ರ ದಶಕದಲ್ಲಿ ಪುಟಾಣಿ ಪೆಟ್ರೋಲ್ ಎಂಜಿನ್ ಬಂತು. ರಿಮೋಟ್ ಇರಲಿಲ್ಲ, ಕೈಯಿಂದ ಬಿಟ್ಟರೆ ಬಿಟ್ಟ ಹಾಗೆ. ಗೀಯ್‌ನ ಬಲೂನಿನಂತೆಯೇ ಯಾರ ತೋಟಕ್ಕೆ ಬೀಳುತ್ತದೋ ದೇವರಿಗೇ ಗೊತ್ತು. 1937ರಲ್ಲಿ ಅಮೆರಿಕದ ಗುಡ್ ಎಂಬ ಅವಳಿ ಸಹೋದರರು ರೇಡಿಯೋ ಮೂಲಕ ತಿರುಗಿಸಬಲ್ಲ 'ಗಫ್' ಎಂಬ ಮಾದರಿ ಹಾರಿಸಿದರು. ಅದು ಈಗ ಅಲ್ಲಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ಹಾರಿಸಲು ಬಯಲು ಬೇಕು, ಬಯಲು ಇನ್ನೊಬ್ಬರದು. 'ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ' ಎಂದು ಜಮೀನಿನವರು ಹಿಂದೇಟು ಹಾಕುವುದು ಎಲ್ಲ ಊರಲ್ಲೂ ಒಂದೇ. ಅದಕ್ಕೆ ಸಂಘಗಳು ಕಂಡುಕೊಂಡ ದಾರಿ ಗುಂಪು ವಿಮೆ. ಸದಸ್ಯನಾಗಿ ವರ್ಷದ ಚಂದಾ ಕಟ್ಟಿದರೆ ವಿಮೆಯೂ ಅದರೊಳಗೇ. ಅಮೆರಿಕದ ಸಂಘದಲ್ಲಿ ಒಂದು ಅವಘಡಕ್ಕೆ 25 ಲಕ್ಷ ಡಾಲರ್ ತನಕ ರಕ್ಷಣೆ ಇದೆ, ಮೈದಾನ ಕೊಟ್ಟ ಜಮೀನಿನ ಮಾಲೀಕನನ್ನೂ ಸೇರಿಸುವ ವ್ಯವಸ್ಥೆ ಇದೆ.

ಒಂದು ವಿಷಯ ಗಮನಿಸಿ. ಈ ವಿಮೆ ಮುರಿದ ನಿಮ್ಮ ವಿಮಾನಕ್ಕೆ ದುಡ್ಡು ಕೊಡುವುದಲ್ಲ, ಎದುರಿನವನಿಗೆ ಕೊಡುವುದು. ಷರತ್ತೂ ಇದೆ: ಸಂಘದ ಸುರಕ್ಷತಾ ನಿಯಮ ಪಾಲಿಸಿರಬೇಕು, ದುಡಿಮೆಗೆ ಹಾರಿಸಿರಬಾರದು. ಅದೇ ಯಂತ್ರದಿಂದ ಮದುವೆ ಶೂಟಿಂಗ್ ಮಾಡಿ ಸಾವಿರ ರೂಪಾಯಿ ತೆಗೆದುಕೊಂಡಿರಿ ಅಂದುಕೊಳ್ಳಿ, ಹವ್ಯಾಸದ ವಿಮೆ ಅಲ್ಲಿಗೆ ಮುಗಿಯಿತು.

ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ ಅನ್ನುವವರಿಗೆ 1979ರ ಡಿಸೆಂಬರ್ 9ರ ಘಟನೆ ಹೇಳಬೇಕು. ನ್ಯೂಯಾರ್ಕ್‌ನ ಶಿಯಾ ಸ್ಟೇಡಿಯಂ, ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಿರಾಮದ ಹೊತ್ತು. ಹವ್ಯಾಸಿ ತಂಡವೊಂದು ಪ್ರದರ್ಶನಕ್ಕೆ ತಂದಿದ್ದ ಮಾದರಿಗಳಲ್ಲಿ ಒಂದು, ಹುಲ್ಲು ಕತ್ತರಿಸುವ ಯಂತ್ರದ ಆಕಾರದ್ದು. ಜನರನ್ನು ನಗಿಸಲು ಮಾಡಿದ್ದು. ಅದು ಹತೋಟಿ ತಪ್ಪಿ ಪ್ರೇಕ್ಷಕರ ನಡುವೆ ಬಿತ್ತು. ಇಬ್ಬರಿಗೆ ತಲೆಗೆ ಪೆಟ್ಟಾಯಿತು. ಅವರಲ್ಲಿ 20 ವರ್ಷದ ಯುವಕ ಕೆಲವು ದಿನಗಳಲ್ಲಿ ತೀರಿಕೊಂಡ. ಪಂದ್ಯ ನೋಡಲು ಟಿಕೆಟ್ ಕೊಂಡು ಬಂದವನು ಅವನು. 2013ರಲ್ಲಿ ಅದೇ ನಗರದ ಬ್ರೂಕ್ಲಿನ್ ಪಾರ್ಕಿನಲ್ಲಿ 19 ವರ್ಷದ ಹುಡುಗ ತಾನೇ ಹಾರಿಸುತ್ತಿದ್ದ ರಿಮೋಟ್ ಹೆಲಿಕಾಪ್ಟರ್ ಬಡಿದು ಸತ್ತ.

ಯುರೋಪಿನವರು ಬೇರೆ ರೀತಿ ಯೋಚಿಸಿದರು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ವಿಮೆಯ ಲೋಕವೇ ಅಲ್ಲಾಡಿತ್ತು. 2004ರಲ್ಲಿ ಯುರೋಪಿಯನ್ ಒಕ್ಕೂಟ ವಿಮಾನಗಳಿಗೆ ಕನಿಷ್ಠ ವಿಮೆಯ ನಿಯಮ ತಂದಾಗ, 20 ಕೆಜಿಗಿಂತ ಕಡಿಮೆ ತೂಕದ ಮಾದರಿ ವಿಮಾನಗಳನ್ನು ಅದರಿಂದ ಹೊರಗಿಟ್ಟಿತು. ಅವಕ್ಕೆ ಏನು ಮಾಡಬೇಕು ಎಂಬುದು ಆಯಾ ದೇಶಕ್ಕೆ, ಸಂಘಗಳಿಗೆ ಬಿಟ್ಟ ಮಾತಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. ಎನ್‌ಸಿಸಿ ಏರ್ ವಿಂಗ್ ಮಕ್ಕಳು ಮಾದರಿ ವಿಮಾನ ಕಟ್ಟುವುದು, ಹಾರಿಸುವುದು ಇಲ್ಲಿ ಹಳೆಯ ಸಂಗತಿ. ಆದರೆ ಊರೂರಿಗೆ ಮೈದಾನ, ಚಂದಾ, ಗುಂಪು ವಿಮೆ ಇರುವ ಸಂಘಗಳು ಬೆಳೆಯಲಿಲ್ಲ. ಅದಕ್ಕೆ ಮೊದಲೇ ಡ್ರೋನ್ ಬಂತು, ಡ್ರೋನ್ ಹಿಂದೆ ಕಾನೂನು ಬಂತು. 2014ರ ಅಕ್ಟೋಬರಿನಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ಖಾಸಗಿಯವರು ಮಾನವರಹಿತ ವಿಮಾನ ಹಾರಿಸಲೇಬಾರದು ಎಂದಿತು. 2018ರ ಡಿಸೆಂಬರ್ 1ರಿಂದ ಷರತ್ತಿನ ಮೇಲೆ ಬಾಗಿಲು ತೆರೆಯಿತು. 2021ರ ಆಗಸ್ಟ್ 25ರಂದು ಈಗಿನ ಡ್ರೋನ್ ನಿಯಮಗಳು ಬಂದವು.

ಈ ನಿಯಮಗಳಲ್ಲಿ ಡ್ರೋನ್ ಎಂದರೆ ನಾಲ್ಕು ರೆಕ್ಕೆ ತಿರುಗುವ ಕ್ಯಾಮೆರಾ ಮಾತ್ರ ಅಲ್ಲ. ಥರ್ಮಾಕೋಲಿನ ವಿಮಾನವೂ ಅದರಲ್ಲೇ ಬರುತ್ತದೆ. ಹವ್ಯಾಸಿಗಳಿಗೆ ಸಡಿಲಿಕೆಗಳಿವೆ. ದುಡಿಮೆಗಲ್ಲದೆ ಹಾರಿಸುವ 2 ಕೆಜಿ ತನಕದ ಯಂತ್ರಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ವಿಮೆಯ ವಿಷಯದಲ್ಲಿ ಮಾತ್ರ ಗೆರೆ ಬಿಗಿ: 250 ಗ್ರಾಂ ದಾಟಿದರೆ ಥರ್ಡ್ ಪಾರ್ಟಿ ವಿಮೆ ಬೇಕು. ಪರಿಹಾರದ ಲೆಕ್ಕಕ್ಕೆ 1988ರ ಮೋಟಾರು ವಾಹನ ಕಾಯ್ದೆಯನ್ನೇ ಅನ್ವಯಿಸಿದ್ದಾರೆ.

ಅಂದರೆ ನಿಮ್ಮ ಬೈಕಿಗೆ ಇರುವ ಅದೇ ತತ್ವ. ಬೈಕಿನದಕ್ಕೂ ಹಿನ್ನೆಲೆ ಇದೆ. 1939ರ ಮೋಟಾರು ಕಾಯ್ದೆಯಲ್ಲಿ ಬರೆದಿದ್ದ ಕಡ್ಡಾಯ ಥರ್ಡ್ ಪಾರ್ಟಿ ವಿಮೆ ಜಾರಿಗೆ ಬಂದದ್ದು 1946ರ ಜುಲೈ 1ರಂದು. ವಿಮಾ ಕಂಪನಿಗಳು ತಯಾರಾಗಲಿ ಎಂದು ಅಷ್ಟು ವರ್ಷ ಕಾದರು. ಡ್ರೋನಿಗೆ ಅಂಥ ವಿರಾಮ ಇರಲಿಲ್ಲ. 2020ರಿಂದೀಚೆಗೆ ಕೆಲವು ಖಾಸಗಿ ಕಂಪನಿಗಳು ಡ್ರೋನ್ ಪಾಲಿಸಿ ತಂದಿವೆ ನಿಜ, ಆದರೆ ಅವುಗಳ ಕಣ್ಣಿರುವುದು ಸರ್ವೆ, ಔಷಧಿ ಸಿಂಪಡಣೆಯಂಥ ವ್ಯಾಪಾರದ ಮೇಲೆ.

ಈ ಬರಹಕ್ಕೆಂದು ನಾನೇ ಒಬ್ಬ ಏಜೆಂಟರ ಬಳಿ ಹೋಗಿದ್ದೆ. ನಮ್ಮ ಮನೆ ಬೈಕಿನ ಪಾಲಿಸಿ ಮಾಡಿಕೊಟ್ಟವರು, ಒಳ್ಳೆಯವರು. "ಕಂಪನಿ ಯಾವುದು, ಮಾಡೆಲ್ ಯಾವುದು, ನಂಬರ್ ಏನು?" ಎಂದರು. ಹುಡುಗ ಮನೆಯಲ್ಲಿ ಕಟ್ಟಿದ್ದು ಎಂದೆ. ಪೆನ್ನು ಕೆಳಗಿಟ್ಟು ಚಹಾ ತರಿಸಿದರು.

ಥರ್ಡ್ ಪಾರ್ಟಿ ವಿಮೆ ಬೇಕು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಕಡಲೆ ಹೊಲದವರ ಪರವಾಗಿಯೇ ಇರುವ ನಿಯಮ ಅದು. ನನ್ನ ತಕರಾರು ಇಷ್ಟೇ: ಬೇರೆ ಕಡೆ ಮೊದಲು ಸಂಘ, ಆಮೇಲೆ ಸಂಘದ ಮೂಲಕ ಅಗ್ಗದ ವಿಮೆ ಬಂತು. ನಮ್ಮಲ್ಲಿ ಹುಡುಗ ಒಬ್ಬನೇ ನಿಂತು ಪಾಲಿಸಿ ಹುಡುಕಬೇಕು. ನಾಲ್ಕು ತಾಲ್ಲೂಕಿನ ಹವ್ಯಾಸಿಗಳನ್ನು, ಐಟಿಐ, ಪಾಲಿಟೆಕ್ನಿಕ್ ಮಕ್ಕಳನ್ನು ಒಂದು ಪಟ್ಟಿಗೆ ಸೇರಿಸಿ ಒಂದೇ ಪಾಲಿಸಿ ಕೇಳಿದರೆ ಕಂಪನಿಯವರು ಚಹಾ ಕುಡಿಸಿ ಕಳಿಸಲಾರರು ಅನಿಸುತ್ತದೆ.

ಕಡಲೆ ಹೊಲದ ಜಗಳ ಕೋರ್ಟಿಗೇನೂ ಹೋಗಲಿಲ್ಲ. ಹುಡುಗನ ಅವ್ವ ಎರಡು ದಿನ ಆ ಹೊಲದಲ್ಲಿ ಕೂಲಿ ಇಲ್ಲದೆ ಕಳೆ ಕಿತ್ತು ಬಂದಳು. ಹುಡುಗ ಮೂರು ತಿಂಗಳು ರಿಮೋಟ್ ಮುಟ್ಟಲಿಲ್ಲವಂತೆ.

ಮೊನ್ನೆ ಹೋದಾಗ ಹೊಸದೊಂದು ಕಟ್ಟುತ್ತಿದ್ದ, ಅಂಗೈ ಎರಡರಷ್ಟು ಅಗಲ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಿದ್ದ, 238 ಗ್ರಾಂ. ಬ್ಯಾಟರಿ ಸೇರಿಸಿ ತೂಗಿದೆಯಾ ಎಂದು ಕೇಳಿದೆ, ಯಾಕೆಂದರೆ ಕಾನೂನಿನ ತೂಕ ಎಲ್ಲ ಸೇರಿಸಿದ ತೂಕ. ಸೇರಿಸೇ ತೂಗಿದ್ದು ಅಂದ. ಹಾರಿಸುವುದು ಎಲ್ಲಿ ಎಂದರೆ, ಕೆರೆ ಅಂಗಳದಲ್ಲಿ, ಬೆಳಗ್ಗೆ ಆರಕ್ಕೆ.

"ಅಷ್ಟೊತ್ತಿಗೆ ಹುಡುಗರು ಎದ್ದಿರಂಗಿಲ್ಲರೀ" ಅಂದ.