ಆಚಂದ್ರಾರ್ಕದಿಂದ 1819 ಅಡಿಯ ತನಕ

ಜಪಾನಿ ಭಾಷೆ ಕಲಿಯುತ್ತಿರುವ ಗೆಳೆಯನೊಬ್ಬ ಮೊನ್ನೆ ತಲೆ ಕೆರೆದುಕೊಳ್ಳುತ್ತಿದ್ದ. 'ಮಾದೆ' ಅಂದರೆ ತನಕ, ಅದಕ್ಕೊಂದು 'ನಿ' ಸೇರಿಸಿದರೆ ಒಳಗೆ! ನಮ್ಮಲ್ಲೂ ಇದೆಯಲ್ಲ ಮಾರಾಯ ಅಂದೆ. ಸೋಮವಾರದ ತನಕ ಕಾಯುವುದೇ ಬೇರೆ, ಸೋಮವಾರದೊಳಗೆ ಮುಗಿಸುವುದೇ ಬೇರೆ. ಆಮೇಲೆ ನಮ್ಮ ಕಡೆಯ ಪದಗಳೇ ತಲೆಯಲ್ಲಿ ಸುತ್ತತೊಡಗಿದವು. ಎಲ್ಲೆ, ಮೇರೆ, ಗಡಿ, ಸೀಮೆ...

ಬಿ.ಎಲ್. ರೈಸ್ 1904ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೇ ಸಂಪುಟ ತೆಗೆದು ಕೂತೆ. ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿಯ ಶಾಸನಗಳು ಅದರಲ್ಲಿವೆ. ರಾಜನ ಹೆಸರು, ಇಸವಿ ನೋಡಿ ಮುಚ್ಚಿಡುವವರೇ ಹೆಚ್ಚು. ನನಗೆ ಇಷ್ಟ ಅದರ ನಂತರದ ಭಾಗ. ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಚತುಸ್ಸೀಮೆ ಹೇಳುತ್ತ ಹೋಗುತ್ತಾರೆ. ಹಳ್ಳ, ಮರ, ನೆಟ್ಟ ಕಲ್ಲು. ಕೆಳದಿ ಅರಸರು ಮಠಕ್ಕೆ ಕೊಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು. ಆ ಗಡಿಯೊಳಗಿನ ನಿಧಿ, ನಿಕ್ಷೇಪ, ಜಲ, ಪಾಷಾಣ ಎಲ್ಲ ಪಡೆದವನದೇ. ಎಷ್ಟು ದಿನ? ಆಚಂದ್ರಾರ್ಕ, ಅಂದರೆ ಸೂರ್ಯ ಚಂದ್ರರಿರುವ ತನಕ.

ಸೀಮೆ ಅನ್ನುವ ಪದವೇ ವಿಚಿತ್ರ. ಗಡಿಯೂ ಅದೇ, ಗಡಿಯೊಳಗಿನ ನಾಡೂ ಅದೇ. ಕೊನೆಗೆ ಗಡಿಯಾಚೆಯಿಂದ ಬಂದದ್ದಕ್ಕೂ ಅದೇ... ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ!

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲೂಕಿನ ಶರಾವತಿ ಕಣಿವೆಗೆ ಹೊಸದೊಂದು ಎಲ್ಲೆ ಬಂತು, 1819 ಅಡಿ. ಇದಕ್ಕೆ ಮೂಡಲೂ ಇಲ್ಲ, ಪಡುವಲೂ ಇಲ್ಲ, ಎತ್ತರ ಮಾತ್ರ. ಅದರ ಕೆಳಗಿನ ಗದ್ದೆ, ತೋಟ, ಮನೆಯ ಜೊತೆಗೆ 1948ರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. 'ಮುಳುಗಡೆಯವರು' ಅಂತ ಮನುಷ್ಯರಿಗೇ ಒಂದು ಹೆಸರು ಹುಟ್ಟಿತು. ಅವರನ್ನು ಎಬ್ಬಿಸಿ ಕಳಿಸಿದ ಜಾಗ ಅರಣ್ಯದ ಎಲ್ಲೆಯೊಳಗಿತ್ತು. ಅರವತ್ತು ವರ್ಷ ದಾಟಿದರೂ ಹಕ್ಕುಪತ್ರ ಕೈಗೆ ಸಿಗದ ಮನೆಗಳಿವೆ. ಶಾಸನದವರು ಕಲ್ಲಾದರೂ ನೆಟ್ಟು ಕೊಡುತ್ತಿದ್ದರು.

ತುಮರಿ ಕಡೆಯವರಿಗೆ ಹಿನ್ನೀರು ದಾಟಲು ಲಾಂಚೇ ಗತಿಯಾಯಿತು. ಸಾಗರದ ಆಸ್ಪತ್ರೆ, ಕಚೇರಿ, ಮದುವೆ ಎಲ್ಲದಕ್ಕೂ ಗಡುವು ಒಂದೇ: ಕಡೇ ಲಾಂಚಿನೊಳಗೆ. ತಪ್ಪಿದರೆ ಬೆಳಗಿನ ತನಕ ಈಚೆ ದಡದಲ್ಲೇ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು.

ನಿಮ್ಮ ಊರಲ್ಲಿ ಇಂಥ ಎಲ್ಲೆಯ ಪದಗಳಿದ್ದರೆ ಬರೀರಿ. ಮುದ್ರೆ ಕಲ್ಲು ಕಂಡವರಿದ್ದರೆ ಅದರ ಫೋಟೋ ಕೂಡ ಹಾಕಿ.