ರಸ್ಟ್ ಪರೀಕ್ಷೆಗಳಲ್ಲಿ ಕನ್ನಡದ ಒತ್ತಕ್ಷರ

ಸಾವನೇರ್ ನಾಗಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮರಾಠಿ ನಾಟಕಕಾರ ರಾಮ ಗಣೇಶ ಗಡಕರಿ 1919ರಲ್ಲಿ ಕಣ್ಮುಚ್ಚಿದ್ದು ಇಲ್ಲಿಯೇ. ಈ ಊರಿನಲ್ಲಿ ನನಗೆ ಕನ್ನಡ ದೊರೆಯುವುದು ಪರದೆಯ ಮೇಲೆ ಮಾತ್ರ. ಹೊರನಾಡಿನ ಬಹುಪಾಲು ಓದುಗರ ಪಾಡೂ ಇದೇ ಇರಬೇಕು. ಅಂಥವರಿಗೆ ‘ಸೂರ್ಯ’ನ ಅರ್ಕಾವತ್ತು ಸ್ಥಾನ ತಪ್ಪಿದರೆ, ‘ಅಕ್ಕ’ ಒಡೆದು ‘ಅಕ್‌ಕ’ ಆದರೆ, ಓದೇ ಕೆಡುತ್ತದೆ. ಹಾಗಾಗದಂತೆ ಕಾಯುವ ಏರ್ಪಾಡುಗಳಲ್ಲೊಂದರ ಬೇರು ತಂತ್ರಾಂಶ ಕಟ್ಟುವವರ ಹಳೆಯ ಕಟ್ಟಳೆಯೊಂದರಲ್ಲಿದೆ.

ರಸ್ಟ್ ಭಾಷೆಯನ್ನು 2006ರಲ್ಲಿ ಆರಂಭಿಸಿದ ಗ್ರೇಡನ್ ಹೋರ್, ಅದಕ್ಕೂ ಮುನ್ನ ಸಿಗ್ನಸ್ ಕಂಪನಿಯಲ್ಲಿ ಬೆನ್ ಎಲಿಸ್ಟನ್ ಎಂಬ ಸಹೋದ್ಯೋಗಿ ಹೂಡಿದ್ದ ವ್ಯವಸ್ಥೆಯಲ್ಲಿ ಅದನ್ನು ಕಂಡಿದ್ದರು: ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಗುವ ಕೋಡ್ ಮಾತ್ರ ಮೂಲ ಭಂಡಾರದಲ್ಲಿರಬೇಕು, ಆ ಕಾವಲು ಯಂತ್ರದ್ದೇ ಆಗಿರಬೇಕು. ಕೇಳಲು ಸರಳ. ಆದರೆ ಬಹಳ ಕಡೆ ತಿದ್ದುಪಡಿಯನ್ನು ಮೊದಲು ಸೇರಿಸಿ, ಆಮೇಲೆ ಪರೀಕ್ಷಿಸಿ, ಮುರಿದಾಗ ಪರಿತಪಿಸುವುದೇ ರೂಢಿಯಾಗಿತ್ತು. ಬಿಡಿಬಿಡಿಯಾಗಿ ನಿರ್ದೋಷವಾದ ಎರಡು ತಿದ್ದುಪಡಿಗಳು ಕೂಡಿದಾಗ ಕೆಡಬಹುದಲ್ಲವೇ? ಹೋರ್ 2013ರಲ್ಲಿ ಬರೆದ ‘ಬಾರ್ಸ್’ ಎಂಬ ಪುಟ್ಟ ತಂತ್ರಾಂಶ, ಕೂಡಿದ ರೂಪವನ್ನೇ ಮೊದಲು ಪರೀಕ್ಷಿಸಿ, ಗೆದ್ದರೆ ಮಾತ್ರ ಒಳಬಿಡುತ್ತಿತ್ತು. 2015ರ ಮೇ 15ರಂದು ರಸ್ಟ್ 1.0 ಹೊರಬರುವ ವೇಳೆಗೆ ಈ ಶಿಸ್ತು ಆ ಬಳಗಕ್ಕೆ ಮೈಗೂಡಿತ್ತು.

ಇನ್ನು ಕನ್ನಡದ ಮಾತು. ಸಂಕೇತಗಳ ಸಾಲನ್ನು ಒತ್ತು, ಗುಣಿತಗಳಾಗಿ ಜೋಡಿಸಿ ತೋರಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿದೆ. ಹೆಸರು ‘ಓಪನ್‌ಟೈಪ್’ ಎಂಬುದರ ಪಾರಸಿ ರೂಪ. ಅದನ್ನು ರಸ್ಟ್‌ಗೆ ಇಳಿಸಿದ್ದು ರಸ್ಟಿಬಝ್; 2025ರಲ್ಲಿ ಹಾರ್ಫ್‌ಬಝ್ ಬಳಗದಿಂದಲೇ ಹಾರ್ಫ್‌ರಸ್ಟ್ ಬಂದಿತು. ರಸ್ಟಿಬಝ್ ತನ್ನ ಮೂಲದ ಎರಡು ಸಾವಿರಕ್ಕೂ ಮಿಕ್ಕ ಪರೀಕ್ಷೆಗಳನ್ನು ಜೊತೆಗೇ ಹೊತ್ತು ತಂದಿತು. ಅವುಗಳಲ್ಲಿ ಕನ್ನಡಕ್ಕೆಂದೇ ಬರೆದವೂ ಇವೆ: ಇಂಥ ಅಕ್ಷರಸಾಲಿಗೆ ಇಂಥ ಆಕೃತಿಗಳು, ಇಂಥ ಸ್ಥಾನದಲ್ಲಿ. ಕನ್ನಡದ ಗಂಧವೇ ಇಲ್ಲದವರೊಬ್ಬರು ಅರಬ್ಬಿ ಲಿಪಿಗಾಗಿ ಒಂದು ಸಾಲು ತಿದ್ದಿದರೂ, ಭಂಡಾರದಲ್ಲಿರುವ ಚಿಕ್ಕ ಕಡತವೊಂದರ ಆದೇಶದಂತೆ ಎಲ್ಲಿಯೋ ಇರುವ ಯಂತ್ರ ‘ಕಾರ್ಗೋ ಟೆಸ್ಟ್’ ನಡೆಸುತ್ತದೆ. ಆ ಪರೀಕ್ಷೆಗಳಲ್ಲಿರುವ ಒತ್ತಕ್ಷರ ಕದಲಿದರೆ ಕೆಂಪು ಗುರುತು ಬೀಳುತ್ತದೆ. ತಂತ್ರಜ್ಞರು ಇದನ್ನೇ ಕಂಟಿನ್ಯೂಯಸ್ ಇಂಟಿಗ್ರೇಷನ್ ಎನ್ನುವುದು.

ಆದರೂ ನನಗೊಂದು ಅಳುಕಿದೆ. ಇಲ್ಲಿ ‘ಸರಿ’ ಎಂಬುದಕ್ಕೆ ಪ್ರಮಾಣ ಹಾರ್ಫ್‌ಬಝ್ ಕೊಟ್ಟ ಉತ್ತರವೇ. ಅದು ತಪ್ಪಿದ್ದರೆ ರಸ್ಟ್ ರೂಪವೂ ನಿಷ್ಠೆಯಿಂದ ತಪ್ಪುತ್ತದೆ; ಪರೀಕ್ಷೆ ಹಸಿರನ್ನೇ ತೋರುತ್ತದೆ. ‘ಸೂರ್ಯ’ದಲ್ಲಿ ರಕಾರ ಯಕಾರಗಳು ಕೂಡುವ ಬಗೆಯೇ ಬೇರೆ, ‘ರ‍್ಯಾಂಕ್’ನಲ್ಲಿ ಕೂಡುವ ಬಗೆಯೇ ಬೇರೆ ಎಂಬುದು ಯಂತ್ರಕ್ಕೆ ತಾನಾಗಿ ಹೊಳೆಯದು. ಓದುವವರಲ್ಲಿ ಯಾರಾದರೂ ಅಂಥ ಪದವನ್ನು ಎತ್ತಿ ತೋರಿಸಿ, ಬರಬೇಕಾದ ರೂಪದೊಡನೆ ಆ ಪರೀಕ್ಷೆಗಳ ಸಾಲಿಗೆ ಸೇರಿಸಬೇಕಾಗುತ್ತದೆ.